ಅತ್ತೆಯ ಎಲೆಗೆ ಏರ್ ಫ್ರೈಯರ್ ಕೋಳಿ

"ಎಣ್ಣೆ ಎಲ್ಲಿ ಅಡಗಿಸಿಟ್ಟಿದ್ದೀ ಮಾರಾಯ್ತಿ?"

ಏರ್ ಫ್ರೈಯರಿನಿಂದ ತೆಗೆದ ಕೋಳಿ ತುಂಡನ್ನು ಪೇಪರಿನ ಮೇಲೆ ಒತ್ತಿ ಮಾವ ಕೇಳಿದರು. ಥಾಣೆ ಊರಿನ ಹೋಟೆಲಿನಲ್ಲಿ ಆಯುಷ್ಯವಿಡೀ ಬಾಣಲೆ ಮುಂದೆ ನಿಂತವರು. ಮೈದಾ ಇಲ್ಲ, ಅಕ್ಕಿಹಿಟ್ಟೂ ಇಲ್ಲ, ಬರೀ ಬಾದಾಮಿ ಹುಡಿ, ಮೊಟ್ಟೆ ಎಂದು ನಾನು ಹೇಳಿದರೆ ನಂಬಲೇ ಇಲ್ಲ. ಡಬ್ಬಗಳನ್ನೆಲ್ಲ ಮೂಸಿದರು. ಕುರ್ಚಿ ಎಳೆದುಕೊಂಡು, ಕಳ್ಳನನ್ನು ಕಾಯುವಂತೆ ಮಷೀನಿನ ಮುಂದೆಯೇ ಕೂತರು. ಎರಡನೇ ಸಲದ್ದೂ ಕಚ್ಚಿದಾಗ ಕರುಮ್ ಎಂದಿತು. ಮಾವ ಕುರ್ಚಿಯಿಂದ ಎದ್ದರು.

"ಭಾನುವಾರ ಅಗೆಲಿಗೆ ನಿನ್ನತ್ತೆಯ ಎಲೆಗೆ ಇದನ್ನೇ ಬಡಿಸು. ಅವಳಿಗೆ ಶುಗರ್ ಉಂಟಲ್ಲ."

ಅಗೆಲು ಎಂದರೆ ನಮ್ಮಲ್ಲಿ ತೀರಿಹೋದವರಿಗೆ ಕೋಳಿ ಬಡಿಸುವ ದಿನ. ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಅತ್ತೆಯ ಎಲೆಗೆ ಮಾವನೇ ಬಡಿಸಿದರು, ಒಂದೊಂದು ತುಂಡನ್ನೂ ಮೊದಲು ಪೇಪರಿಗೆ ಒತ್ತಿ ನೋಡಿ.