ಒರೆಸುವ ಬಟ್ಟೆಯ ಬಣ್ಣ

ಗೆಳೆಯರೇ, ಮನೆಗೆ ಬಣ್ಣ ಹೊಡೆಸುವವರಿದ್ದರೆ ಕೇಳಿ. ಇವತ್ತು ಸಂಡೂರಿನ ಬಣ್ಣದ ಅಂಗಡಿಯಲ್ಲಿ ನಾನು ಶೇಡ್ ಕಾರ್ಡ್ ಪಕ್ಕಕ್ಕೆ ಸರಿಸಿ, ಮನೆಯಲ್ಲಿ ಧೂಳು ಒರೆಸುವ ಬಟ್ಟೆಯನ್ನು ಕೌಂಟರ್ ಮೇಲೆ ಹರಡಿದೆ. "ಹೊರಗೋಡೆಗೆ ಈ ಬಣ್ಣ ಬೇಕ್ರಿ."

ಅಂಗಡಿಯವರು ಬೆರಳಿನಿಂದ ಮುಟ್ಟಿ ನೋಡಿದರು. "ಅಕ್ಕಾರ, ಇದು ಧೂಳ್ರಿ."

"ಹೌದ್ರಿ. ನಮ್ಮನಿ ಮುಂದ ದಿನಾ ಅದಿರಿನ ಲಾರಿ ಓಡಾಡ್ತಾವ. ಮೂರು ಸಲ ಕೆನೆಬಣ್ಣ ಹೊಡಿಸಿದ್ವಿ, ಮೂರು ಸಲಾನೂ ಆರು ತಿಂಗಳಿಗೆ ಕೆಂಪಾತು. ಈ ಸಲ ನಾವೇ ಮೊದಲು ಕೆಂಪು ಹೊಡಿಸಿಬಿಡ್ತೀವಿ."

ಜೊತೆಗೆ ಬಂದಿದ್ದ ನನ್ನ ಯಜಮಾನರು ಯಾರದೋ ಹೆಂಡತಿಯನ್ನು ನೋಡುವ ಹಾಗೆ ನನ್ನನ್ನು ನೋಡಿ, ಹೊರಗೆ ಹೋಗಿ ಬೈಕ್ ಮೇಲೆ ಕುಳಿತರು.

ಅಂಗಡಿಯವರು ಮಾತ್ರ ಹಟಕ್ಕೆ ಬಿದ್ದರು. ಬಣ್ಣ ಬೆರೆಸುವ ಮಷಿನ್ ಮೂರು ಬಾರಿ ಸೋತಿತು. ನಾಲ್ಕನೆಯ ಬಾರಿ ಬಟ್ಟೆಯ ಮೇಲೆ ಒಂದು ಹನಿ ಹಾಕಿದರು. ಆರಿದ ಮೇಲೆ ಅದು ಎಲ್ಲಿ ಬಿದ್ದಿತ್ತೆಂದು ಇಬ್ಬರಿಗೂ ಕಾಣಲಿಲ್ಲ.

ಹಿಂದೆ ನಿಂತಿದ್ದ ಹೆಂಗಸೊಬ್ಬರು ತಾವು ಆರಿಸಿದ್ದ ಬಿಳಿ ಬಣ್ಣದ ಡಬ್ಬಿಯನ್ನು ವಾಪಸ್ ಇಟ್ಟರು. "ನನಗೂ ಅದೇ ಬಣ್ಣ ಕೊಡ್ರಿ. ನಮ್ಮನಿನೂ ಆ ರೋಡಿನಾಗೇ ಐತಿ."

"ಬಟ್ಟಿ ಸ್ಯಾಂಪಲ್‌ಗೆ ಇರಲಿ ಅಕ್ಕಾರ" ಎಂದು ಅಂಗಡಿಯವರು ಅದನ್ನು ಶೇಡ್ ಕಾರ್ಡುಗಳ ಪಕ್ಕದ ಮೊಳೆಗೆ ತೂಗುಹಾಕಿದರು. ನೂರಾರು ಬಣ್ಣಗಳ ಸಾಲಿನಲ್ಲಿ ನಮ್ಮ ಮನೆಯ ಬಟ್ಟೆ. ನಾನು ಎದೆಯುಬ್ಬಿಸಿಕೊಂಡೇ ಬೈಕ್ ಹತ್ತಿದೆ.

ಮನೆಯಲ್ಲೀಗ ಹೊರಗೋಡೆಯ ಧೂಳು ಒರೆಸಲು ಬಟ್ಟೆಯಿಲ್ಲ. ಇನ್ನು ಬೇಕಾಗುವುದೂ ಇಲ್ಲ.