ಎರಡು ಮನೆಗೆ ಒಂದೇ ಬೇಳೆ

ದಿನಸಿಯ ಖರ್ಚು ಕಡಿಮೆ ಮಾಡಬೇಕು ಎಂದು ನಮ್ಮ ಮನೆಯವರು ಹೇಳಿದಾಗ ನಾನು ಹೂಂ ಅಂದೆ, ಅಷ್ಟೇ. ಅದಕ್ಕಿಂತ ದೊಡ್ಡ ಮಾತಾಡಲು ಮೈಯಲ್ಲಿ ಕಸುವು ಇರಲಿಲ್ಲ. ಅವರು ನಾಗಪುರದ ಮಿಹಾನ್ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಬಹಳ ವರ್ಷ ದುಡಿದವರು. ಬೆಳಿಗ್ಗೆ ಕಂಪನಿಯ ಗಾಡಿ ಬಂದು ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಿತ್ತು. ನಾನು ಡಬ್ಬಿ ಹಿಡಿದುಕೊಂಡು ಅವರ ಹಿಂದೆ ಓಡುತ್ತಿದ್ದೆ. ದೀಪಾವಳಿಗೆ ಮುಂಚೆ ಅವರ ವಿಭಾಗವನ್ನೇ ಮುಚ್ಚಿದರು. ಈಗ ವರ್ಧಾ ರಸ್ತೆಯ ಒಂದು ಗೋದಾಮಿನಲ್ಲಿ ಮೇಲ್ವಿಚಾರಣೆಯ ಕೆಲಸ. ಸಂಬಳ ಇಳಿಯಿತು. ಹಾಸ್ಟೆಲಿನಲ್ಲಿರುವ ಮಗಳ ಕಾಲೇಜಿನ ಫೀ, ಮನೆಯ ಬಾಡಿಗೆ, ಅತ್ತೆಯ ಔಷಧ, ಇವುಗಳಿಗೆ ಕೈ ಹಚ್ಚುವ ಹಾಗಿರಲಿಲ್ಲ. ಕೈ ಹಚ್ಚಲು ಉಳಿದದ್ದು ಅಡಿಗೆಮನೆ ಒಂದೇ.

ಆ ಸಂಜೆ ಬಾಲ್ಕನಿಯಲ್ಲಿ ನಿಂತು ಅವರು ಇನ್ನೊಂದು ಮಾತನ್ನೂ ಹೇಳಿದರು. "ಯುಗಾದಿ ಮಟ ನೋಡೂಣು. ಆಗಲಿಲ್ಲಂದ್ರ ಅವ್ವನ್ನ ಹುಬ್ಬಳ್ಳಿಗೆ ತಮ್ಮನ ಹಂತ್ಯಾಕ ಕಳಸೂಣು. ನಾ ಅವನ ಕೂಡ ಮಾತಾಡೇನಿ. ಅಂವಾ ಹೂಂ ಅಂದಾನ."

ನಾನು ಇದಕ್ಕೆ ಮಾತ್ರ ಹೂಂ ಅನ್ನಲಿಲ್ಲ.

ಮದುವೆಯಾಗಿ ನಾಗಪುರಕ್ಕೆ ಬಂದಾಗಿನಿಂದ ಅತ್ತೆ ನಮ್ಮ ಜೊತೆಗೇ ಇದ್ದಾರೆ. ಗಂಡ ದಿನವೆಲ್ಲ ಹೊರಗೆ ಹಿಂದಿ ಆಡಿ ಬರುತ್ತಾರೆ, ಸಂಜೆ ಬಂದ ಮೇಲೆ ಯಾವ ಭಾಷೆಯನ್ನೂ ಆಡುವುದಿಲ್ಲ. ಮಗಳು ನಾನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಕನ್ನಡದಲ್ಲಿ ಬೈಯಲು, ನಗಲು, ಸುಮ್ಮನೆ ಗೊಣಗಲು ನನಗಿರುವವರು ಅತ್ತೆ ಒಬ್ಬರೇ. ನನ್ನ ಅಜ್ಜಿ ಕಲಿಸಿದ ಮಾತಿಗೆ ಇವರು ತಮ್ಮದನ್ನು ಕೂಡಿಸಿ, ಈ ಊರಿನಲ್ಲಿ ನನ್ನ ನಾಲಿಗೆಗೆ ತುಕ್ಕು ಹಿಡಿಯದಂತೆ ನೋಡಿಕೊಂಡವರು. ಹುಬ್ಬಳ್ಳಿಯ ಮೈದುನ ಒಳ್ಳೆಯವನೇ. ಅವನ ಹೆಂಡತಿಯೂ ಒಳ್ಳೆಯವಳೇ. ಆದರೆ ಅವರಿಬ್ಬರೂ ನೌಕರಿಯವರು, ಅತ್ತೆ ಅಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಟಿವಿಯ ಎದುರು ಕೂರಬೇಕು. ಅಂತೂ ಯುಗಾದಿಯೊಳಗೆ ದಿನಸಿ ಅಂಗಡಿಯ ಚೀಲ ಹಗುರಾಗಬೇಕು, ಇಲ್ಲವೇ ಮನೆಯೇ ಹಗುರಾಗುತ್ತದೆ ಎಂದಾಯಿತು.

ಕೆಳಗಿನ ಮನೆಯ ವಹಿನಿಗೆ ಇದನ್ನು ಮೆಟ್ಟಿಲ ಮೇಲೆ ನಿಂತೇ ಹೇಳಿದೆ. ಇಲ್ಲಿನವರೇ ಅವರು, ಮರಾಠಿ ಮನೆಯವರು. ವಹಿನಿ ಎಂದರೆ ಮರಾಠಿಯಲ್ಲಿ ಅತ್ತಿಗೆ. ನಾನು ಅವರಿಗೆ ವಹಿನಿ ಅಂದರೆ ಅವರೂ ನನಗೆ ವಹಿನಿ ಅನ್ನುತ್ತಾರೆ. ಅವರ ಮಾತನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅವರ ಗಂಡ ಮೌದಾದ ವಿದ್ಯುತ್ ಸ್ಥಾವರದಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಕೆಲಸ ಮಾಡುವವರು. ಕೆಲಸ ಈಗ ಅರ್ಧ ತಿಂಗಳು ಇರುತ್ತದೆ, ಇನ್ನರ್ಧ ತಿಂಗಳು ಇರುವುದಿಲ್ಲ. ನನ್ನ ಕಥೆ ಕೇಳಿ ಅವರು ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಕೂತರು. "ನಾನೂ ನಿಮಗೆ ಹೇಳಬೇಕು ಅಂತಿದ್ದೆ, ನಾಚಿಕೆಯಾಗಿ ಸುಮ್ಮನಿದ್ದೆ" ಅಂದರು.

ಅಲ್ಲಿಯೇ ಒಂದು ಕರಾರಾಯಿತು. ಒಮ್ಮೆಗೇ ಎಲ್ಲವನ್ನೂ ಬಿಡುವುದು ಬೇಡ, ಮನೆಮಂದಿಯ ಮೋರೆ ಕೆಡುತ್ತದೆ. ತಿಂಗಳಿಗೆ ಒಂದೊಂದು. ಅಂಗಡಿಗೆ ಒಬ್ಬರೇ ಹೋಗುವುದಿಲ್ಲ, ಇಬ್ಬರೂ ಕೂಡಿ. ನನ್ನ ಚೀಲಕ್ಕೆ ಏನು ಬಿದ್ದರೂ ಅವರು "ಕಶಾಲಾ?" ಎಂದು ಕೇಳಬೇಕು, ಅವರ ಚೀಲಕ್ಕೆ ಬಿದ್ದದ್ದಕ್ಕೆ ನಾನು ಕೇಳಬೇಕು. ಕಶಾಲಾ ಅಂದರೆ ಯಾತಕ್ಕೆ. ಉತ್ತರ ಒಂದೇ ಉಸಿರಿನಲ್ಲಿ ಬಂದರೆ ಸರಿ. ತಡವರಿಸಿದರೆ ಪದಾರ್ಥ ಕಪಾಟಿಗೆ ವಾಪಸ್ಸು.

ಮೊದಲ ತಿಂಗಳು ಬಿಸ್ಕತ್ತು, ಶಾವಿಗೆ, ಚಿಪ್ಸ್‌ನಂಥ ಪ್ಯಾಕೆಟ್ಟುಗಳು ಹೋದವು. ಆ ದಿನ ನಮ್ಮಿಬ್ಬರಿಗೂ ಸಣ್ಣ ಉತ್ಸಾಹವಿತ್ತು. ನಾನು ಟೊಮೆಟೊ ಸಾಸಿನ ಸೀಸೆ ಎತ್ತಿಕೊಂಡೆ.

"ಕಶಾಲಾ?"

"ಮಗಳಿಗೆ... ಅವಳು ರಜೆಗೆ ಬಂದಾಗ..."

"ಉಸಿರು ಎರಡಾಯಿತು ವಹಿನಿ. ಇಡಿ."

ಇಟ್ಟೆ. ಸ್ವಲ್ಪ ಹೊತ್ತಿಗೆ ಅವರು ತಮ್ಮ ಯಜಮಾನರ ಸುಪಾರಿಯ ಡಬ್ಬಿ ಹಿಡಿದಾಗ ನಾನೂ ಬಿಡಲಿಲ್ಲ. ಅಂಗಡಿಯವನು ನಮ್ಮಿಬ್ಬರನ್ನೂ ನೋಡಿ, "ನೀವು ಸಾಮಾನು ಕೊಳ್ಳೋಕೆ ಬರ್ತೀರೋ, ಇಡೋಕೆ ಬರ್ತೀರೋ?" ಎಂದು ಹಿಂದಿಯಲ್ಲಿ ಕೇಳಿದ.

ಎರಡನೆಯ ತಿಂಗಳಿಗೆ ಉತ್ಸಾಹ ಮುಗಿದಿತ್ತು. ಎಣ್ಣೆಯ ಸರದಿ ಬಂತು. ಬಾಣಲೆಗೆ ಧಾರೆ ಬಿಡುತ್ತಿದ್ದ ಕೈಗೆ ಚಮಚ ಹಿಡಿಸುವುದೆಂದರೆ ಹುಡುಗಾಟವಲ್ಲ. ಖರ್ಚು ಕಡಿಮೆ ಮಾಡುವುದೂ ಒಂದು ಕೆಲಸ, ಅದಕ್ಕೂ ಮೈ ನೋಯುತ್ತದೆ ಎಂದು ನನಗೆ ಆಗ ತಿಳಿಯಿತು. ಬುಧವಾರದ ಸಂತೆಗೆ ಬೆಳಿಗ್ಗೆ ಹೋಗುವ ಬದಲು ಕತ್ತಲಾಗುವ ಹೊತ್ತಿಗೆ ಹೋಗಬೇಕು, ಆಗ ಮಾರುವವರಿಗೆ ಮನೆಗೆ ಹೋಗುವ ಅವಸರ. ಬಾಡಿದ ಮೆಂತ್ಯ ಬಿಡಿಸಲು ಎರಡು ಪಟ್ಟು ಹೊತ್ತು. ಅಡಿಗೆ ಮಾಡುವಾಗ, ತೊಳೆಯುವಾಗ, ಮಲಗಿದಾಗಲೂ ತಲೆಯೊಳಗೆ ಡಬ್ಬಿಗಳೇ. ಯಾವುದರ ತಳ ಕಾಣುತ್ತಿದೆ, ಯಾವುದು ಇನ್ನು ನಾಲ್ಕು ದಿನ ಬಂದೀತು. ಗಂಡ ಊಟಕ್ಕೆ ಕೂತು ಏನನ್ನೂ ಕೇಳದೆ ಉಂಡು ಏಳುತ್ತಿದ್ದರು. ಪಲ್ಯ ಸಪ್ಪಗಿದೆ ಎಂದು ಒಂದು ಮಾತು ಬೈದಿದ್ದರೂ ನನಗೆ ಹಗುರವಾಗುತ್ತಿತ್ತು.

ಆ ಮೇಲೆ ನಾವು ಒಂದು ಜಾಣತನ ಮಾಡಿದೆವು. ಸಲಹೆ ಕೆಳಗಿನ ವಹಿನಿಯದು, ತಲೆ ಆಡಿಸಿದವಳು ನಾನು. ವಾರಕ್ಕೊಂದು ಗುರುವಾರ, ಅದರ ಮೇಲೆ ಏಕಾದಶಿ, ಸಂಕಷ್ಟಿ, ಎರಡು ಮನೆಯವರೂ ಉಪವಾಸ ಮಾಡುವುದು. ಪುಣ್ಯವೂ ಬಂತು, ಅಕ್ಕಿ ಬೇಳೆಯೂ ಉಳಿಯಿತು. ನಮ್ಮ ಊರಿನ ಕಡೆ ನಾನು ಕಂಡ ಉಪವಾಸವೆಂದರೆ ಒಂದು ಹೊತ್ತು ಏನೂ ಇಲ್ಲ, ಇನ್ನೊಂದು ಹೊತ್ತು ಸ್ವಲ್ಪ ಅವಲಕ್ಕಿ. ಆದರೆ ಇಷ್ಟು ವರ್ಷ ಇಲ್ಲಿದ್ದು ನಮ್ಮ ಮನೆಯ ಉಪವಾಸವೂ ಈ ಕಡೆಯದೇ ಆಗಿಬಿಟ್ಟಿದೆ ಎನ್ನುವುದು ನನಗೆ ನೆನಪಾಗಲಿಲ್ಲ. ಸಾಬುದಾಣಿಯ ಖಿಚಡಿ, ಅದಕ್ಕೆ ಕೈತುಂಬ ಶೇಂಗಾಪುಡಿ, ತುಪ್ಪದಲ್ಲಿ ಹುರಿದ ಆಲೂಗಡ್ಡೆ, ಸಾವೆ ಅಕ್ಕಿಯ ಅನ್ನ, ಮೊಸರು, ಬಾಳೆಹಣ್ಣು, ಖರ್ಜೂರ. ಗಂಡ ಆ ತಿಂಗಳಿನಲ್ಲಿ ಮೊದಲ ಬಾರಿಗೆ ತಟ್ಟೆ ನೋಡಿ ನಕ್ಕರು. "ಇಂಥಾ ಉಪಾಸ ದಿನಾ ಬರಲಿ" ಅಂದರು.

ತಿಂಗಳ ಕೊನೆಗೆ ಇಬ್ಬರ ಬಿಲ್ಲೂ ದೀಪಾವಳಿಯ ಬಿಲ್ಲಿನ ಹತ್ತಿರ ಬಂದಿತ್ತು. ಅಂಗಡಿಯವನು, "ಭಾಭೀಜಿ, ಮನೆಯಲ್ಲಿ ಏನಾದರೂ ಸಮಾರಂಭವೇ?" ಎಂದು ವಿಚಾರಿಸಿದ. ಸಾಬುದಾಣಿಯ ಚೀಲಕ್ಕೆ ನಾವಿಬ್ಬರೂ ಒಬ್ಬರಿಗೊಬ್ಬರು ಕಶಾಲಾ ಎಂದು ಕೇಳಿರಲೇ ಇಲ್ಲ. ದೇವರ ಹೆಸರಿನ ಸಾಮಾನಿಗೆ ಯಾರು ಕೇಳುತ್ತಾರೆ? ಮೆಟ್ಟಿಲ ಮೇಲೆ ಕೂತು ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ನಕ್ಕು ಮುಗಿದ ಮೇಲೆ ಆ ನೀರು ಸ್ವಲ್ಪ ಹೊತ್ತು ನಿಲ್ಲಲಿಲ್ಲ.

ಮೇಲೆ ಬಂದಾಗ ಅತ್ತೆ ಬಾಗಿಲ ಹತ್ತಿರ ಮಣೆಯ ಮೇಲೆ ಕೂತಿದ್ದರು.

"ಯಾಕ ಅಳಾಕತ್ತಿದ್ರಿ ಇಬ್ಬರೂ?"

"ಅಳಾಕತ್ತಿದ್ದಿಲ್ಲ ಅತ್ತಿ, ನಗಾಕತ್ತಿದ್ವಿ."

"ಎರಡೂ ಕೇಳ್ಸಿತು ನನಗ." ಅವರು ನನ್ನ ಕೈಯಿಂದ ಚೀಲ ತೆಗೆದುಕೊಂಡು ಪಕ್ಕಕ್ಕಿಟ್ಟರು. "ನೋಡವಾ, ಹಿಂಗ ಎಣ್ಣಿ ಬಿಟ್ಟು, ಸಕ್ಕರಿ ಬಿಟ್ಟು ಎಷ್ಟು ದಿನಾ ಜಗ್ಗತಿ? ಒಂದು ಹೊಟ್ಟಿ ಕಮ್ಮಿ ಆದ್ರ ಎಲ್ಲಾ ಬರೋಬರ್ ಆಗತೈತಿ. ನನ್ನನ್ನ ಹುಬ್ಬಳ್ಳಿ ಗಾಡಿಗೆ ಕೂಡಸ್ರಿ."

"ಯಾರು ಹೇಳಿದ್ರು ನಿಮಗ?" ಎಂದೆ.

"ಬಾಲ್ಕನ್ಯಾಗ ನಿಂತು ಮಾತಾಡಿದ್ರ ಆತೇನು? ಅದರ ಕಿಟಕಿ ನನ್ನ ಹಾಸಿಗಿ ಮ್ಯಾಲ ಐತಿ. ಮಣಕಾಲು ಹೋಗ್ಯಾವು, ಕಿವಿ ಇನ್ನೂ ನೆಟ್ಟಗ ಅದಾವು."

ದೀಪಾವಳಿಯಿಂದ ಅವರಿಗೆ ಎಲ್ಲ ಗೊತ್ತಿತ್ತು. ನಾನು ಚೀಲ ಎತ್ತಿಕೊಂಡು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಹೋಗಬೇಡಿ ಎಂದು ಹೇಳಬೇಕಿತ್ತು. ಹೇಳಿದರೆ ಅದರ ಹಿಂದೆಯೇ ಹೇಗೆ ಎನ್ನುವ ಪ್ರಶ್ನೆ ಬರುತ್ತದೆ.

ಉತ್ತರ ಬಂದದ್ದು ಗ್ಯಾಸ್ ಸಿಲಿಂಡರಿನಿಂದ. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಕೆಳಗಿನ ಮನೆಯ ಗ್ಯಾಸ್ ಬೆಳಿಗ್ಗೆ ಅಡಿಗೆಯ ನಡುವೆಯೇ ಮುಗಿಯಿತು. ಹೊಸದು ಬರುವುದು ನಾಳೆ. ವಹಿನಿ ನಾದಿದ ಹಿಟ್ಟು ಹಿಡಿದು ಮೇಲೆ ಬಂದರು, ಅವರ ಗಂಡ ಮೌದಾದ ಬಸ್ಸಿಗೆ ಹೊರಡುವ ಹೊತ್ತು. ಅತ್ತೆ ಆಗ ನೆಲದ ಮೇಲೆ ಕೂತು, ಸಣ್ಣ ಒಲೆಯ ಮುಂದೆ ನಮ್ಮ ಮನೆಯ ರೊಟ್ಟಿ ಬಡಿಯುತ್ತಿದ್ದರು. ವಹಿನಿಯ ಕೈಯಿಂದ ಹಿಟ್ಟಿನ ಪರಾತ ಕಸಿದುಕೊಂಡು ತಾವೇ ಚಪಾತಿಯನ್ನೂ ಲಟ್ಟಿಸಿದರು. ಜೊತೆಗೆ ಎರಡು ಜೋಳದ ರೊಟ್ಟಿ ಡಬ್ಬಿಗೆ ಹಾಕಿದರು. ಮರುದಿನ ವಹಿನಿ ಒಂದು ತಪ್ಪಲೆ ತುಂಬ ಬೇಳೆ ಮಾಡಿ ಮೇಲೆ ತಂದರು, ಋಣ ತೀರಿಸುವವರ ಹಾಗೆ.

ಅತ್ತೆ ಸೌಟಿನಿಂದ ಅದನ್ನು ಎತ್ತಿ ಸುರಿದು ನೋಡಿದರು. "ಇದಕ್ಕ ಬ್ಯಾಳಿ ಅಂತಾರೋ, ಬಿಸಿನೀರು ಅಂತಾರೋ? ಇರಲಿ. ಏ, ಆಕಿಗೆ ಹೇಳು, ನಾಳಿಂದ ಬ್ಯಾಳಿ, ಅನ್ನ ಕೆಳಗ, ರೊಟ್ಟಿ, ಪಲ್ಯೆ ಮ್ಯಾಲ. ಎರಡು ಕಡೆ ಒಲಿ ಯಾಕ ಉರಿಸೂದು? ಬ್ಯಾಳಿ ಮಾತ್ರ ಗಟ್ಟಿ ಮಾಡ ಅನ್ನು."

ನಾನು ಮರಾಠಿಯಲ್ಲಿ ಹೇಳಿದೆ. ಗಟ್ಟಿಯ ಮಾತನ್ನು ಬಿಟ್ಟು ಹೇಳಿದೆ.

"ಆಜಿ ಮತ್ತೇನೋ ಅಂದರು" ಎಂದು ವಹಿನಿ ಕಣ್ಣು ಕಿರಿದು ಮಾಡಿದರು. "ಬೇಳೆ ನೀರಾಗಿದೆ ಅಂದರಲ್ಲವೇ? ನಮ್ಮ ಅತ್ತೆಯೂ ಹೀಗೇ ಸೌಟು ಎತ್ತುತ್ತಿದ್ದರು."

ಹಾಗೆ ಶುರುವಾಯಿತು. ಸುಲಭವಾಗಿತ್ತು ಎಂದರೆ ಸುಳ್ಳಾಗುತ್ತದೆ. ಅವರ ಮನೆಯ ಅನ್ನ ನಮಗೆ ಮೆತ್ತಗೆ, ನಮ್ಮ ಪಲ್ಯದ ಖಾರ ಅವರ ಮಕ್ಕಳಿಗೆ ಜಾಸ್ತಿ. ಬೆಳಿಗ್ಗೆಯೂ ಸಂಜೆಯೂ ಪಾತ್ರೆ ಹಿಡಿದು ಮೆಟ್ಟಿಲು ಹತ್ತಿ ಇಳಿದು ನನ್ನ ಕಾಲು ಬಾತುಕೊಂಡವು. ಒಂದು ದಿನ ವಹಿನಿಗೂ ನನಗೂ ಜೀರಿಗೆಯ ಮೇಲೆ ಮಾತು ಬಂದು, ಎರಡು ದಿನ ಪಾತ್ರೆಗಳು ಮಾತ್ರ ಹತ್ತಿ ಇಳಿದವು, ನಾವು ಮಾತಾಡಲಿಲ್ಲ. ಆದರೆ ಒಂದು ದೊಡ್ಡ ತಪ್ಪಲೆಯ ಬೇಳೆಗೆ ಎರಡು ಸಣ್ಣ ತಪ್ಪಲೆಯಷ್ಟು ಬೇಳೆ ಬೇಡ. ಒಂದು ಒಗ್ಗರಣೆಗೆ ಎರಡು ಒಗ್ಗರಣೆಯ ಎಣ್ಣೆ ಬೇಡ. ಸಿಲಿಂಡರ್ ಮೊದಲಿಗಿಂತ ಹೆಚ್ಚು ದಿನ ಬಂತು. ಸಂತೆಯಲ್ಲಿ ಒಟ್ಟಿಗೆ ಕೊಂಡರೆ ಮಾರುವವನು ಕೊಸರು ಹಾಕುತ್ತಿದ್ದ. ಚೀಲ, ನಿಧಾನವಾಗಿಯೇ ಆದರೂ, ಹಗುರಾಯಿತು. ಅತ್ತೆಯ ಬೆಳಗಿನ ಔಷಧ ಮಾತ್ರ ರೊಟ್ಟಿಯ ಗದ್ದಲದಲ್ಲಿ ತಡವಾಗತೊಡಗಿತು, ಅದಕ್ಕೂ ನಾನೇ ಬೆನ್ನು ಹತ್ತಬೇಕಾಯಿತು.

ಇಷ್ಟಾದರೂ ಗಂಡ ತಮ್ಮನಿಗೆ ಫೋನ್ ಮಾಡಿ ಬೇಡ ಅನ್ನಲಿಲ್ಲ. ಕೇಳಿದರೆ, "ನೀ ಕನ್ನಡಿ ನೋಡ್ಕೊಂಡಿಯೇನು? ಎಷ್ಟು ದಿನಾ ಹಿಂಗ ಓಡ್ಯಾಡತಿ?" ಅಂದರು. ಅದೂ ನಿಜವೇ ಆಗಿತ್ತು.

ಯುಗಾದಿಗೆ ಮೈದುನ ಬಂದ. ವಾಪಸ್ಸು ಹೋಗಲು ತನಗೂ ಅವ್ವನಿಗೂ ಸೇರಿಸಿ ಟಿಕೆಟ್ ತೆಗೆಸಿದ್ದ. ಕೆಳಗಿನ ಮನೆಯವರು ಕಿಟಕಿಗೆ ರೇಷ್ಮೆ ಬಟ್ಟೆ, ತಂಬಿಗೆ ಕಟ್ಟಿದ ಕೋಲಿನ ಗುಡಿ ಏರಿಸಿದ್ದರು. ನಾವು ಬೇವು ಬೆಲ್ಲ ತಿಂದು ಕೂತಿದ್ದೆವು. ಅವನು ಮೆಲ್ಲಗೆ ಮಾತು ತೆಗೆದ.

"ವೈನಿ, ನಿಮ್ಮ ಮಾರಿ ನೋಡಿದ್ರ ತಿಳೀತೈತಿ, ಭಾಳ ದಣದೀರಿ. ಅವ್ವ ಸ್ವಲ್ಪ ದಿನಾ ನಮ್ಮ ಕಡೆ ಇರಲಿ. ಇದರಾಗ ತಪ್ಪೇನೈತಿ?"

ತಪ್ಪೇನೂ ಇರಲಿಲ್ಲ. ಅತ್ತೆ ಒಳಗೆ ಒಲೆಯ ಮುಂದೆ ಇದ್ದರು, ರೊಟ್ಟಿಯ ಸದ್ದು ನಿಂತಿತು. ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಅಷ್ಟರಲ್ಲಿ ವಹಿನಿ ಹಬ್ಬದ ಶ್ರೀಖಂಡದ ಬಟ್ಟಲು, ಬೇಳೆಯ ತಪ್ಪಲೆ ಎರಡನ್ನೂ ಹಿಡಿದು ಬಂದರು. ಮೈದುನನ ಚೀಲದ ಪಕ್ಕ ಅತ್ತೆಯ ಸಣ್ಣ ಟ್ರಂಕು ಕಂಡಿತು ಅವರಿಗೆ. ತಪ್ಪಲೆಯನ್ನು ಕೆಳಗಿಡಲಿಲ್ಲ.

"ಆಜಿ ಎಲ್ಲಿಗೆ?"

"ಹುಬ್ಬಳ್ಳಿಗೆ" ಎಂದೆ.

"ಕಶಾಲಾ?" ಅಂಗಡಿಯಲ್ಲಿ ಕೇಳುವಷ್ಟೇ ಗಟ್ಟಿಯಾಗಿ ಮೈದುನನ ಕಡೆ ತಿರುಗಿ ಕೇಳಿದರು.

ಅವನಿಗೆ ಆ ಶಬ್ದದ ಅರ್ಥ ಗೊತ್ತು. ಅವನೂ ಇದೇ ಊರಿನಲ್ಲಿ ಶಾಲೆಗೆ ಹೋದವನು. "ಅಂದ್ರೆ... ಇಲ್ಲಿ ಖರ್ಚು... ವೈನಿಗೂ ತ್ರಾಸು..." ಎಂದು ಮರಾಠಿಯಲ್ಲಿ ಮಾತು ಹುಡುಕಿದ.

"ಉಸಿರು ಮೂರಾಯಿತು" ಅಂದರು ವಹಿನಿ ನನ್ನ ಕಡೆ ನೋಡಿ. ಮತ್ತೆ ಅವನಿಗೆ, "ಆಜಿ ಹೋದರೆ ಖರ್ಚು ಇಳಿಯುವುದಿಲ್ಲ ಭಾವೂ, ಏರುತ್ತದೆ. ಎರಡು ಮನೆಯ ರೊಟ್ಟಿ ಅವರ ಕೈಯಲ್ಲಿದೆ. ನಾಳೆ ನಾನು ಬೇಳೆ ಮಾಡಿ ಯಾರಿಗೆ ತರಲಿ?"

ನನ್ನ ಗಂಡ ಇಷ್ಟು ಹೊತ್ತು ಬೇವಿನ ಎಸಳನ್ನು ಬೆರಳಲ್ಲಿ ತಿರುವುತ್ತ ಕೂತಿದ್ದರು. ಒಳಗೆ ನೋಡಿದರು, ನನ್ನನ್ನು ನೋಡಿದರು. "ಅವ್ವಾ, ನಿನಗ ಹೋಗಬೇಕಂತ ಐತೇನು?" ಎಂದು ಕೂಗಿದರು. ಇಷ್ಟು ದಿನ ಈ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

"ಹಂಚು ಕಾದೈತಿ, ನಡುವ ಮಾತಾಡಸಬ್ಯಾಡ" ಎಂದಿತು ಒಳಗಿನ ದನಿ. ರೊಟ್ಟಿಯ ಸದ್ದು ಮತ್ತೆ ಶುರುವಾಯಿತು.

"ಒಂದು ಟಿಕೆಟ್ ಕ್ಯಾನ್ಸಲ್ ಮಾಡು" ಅಂದರು ಗಂಡ ತಮ್ಮನಿಗೆ.

ಅವನು ಎರಡು ದಿನ ಇದ್ದು, ಸಂತ್ರಾ ಕಿತ್ತಳೆ ತುಂಬಿದ ಚೀಲ ಹೊತ್ತು ಒಬ್ಬನೇ ಹೋದ. ಆ ಸಂತ್ರಾಗಳಿಗೆ ಕಶಾಲಾ ಎಂದು ವಹಿನಿ ಕೇಳಲಿಲ್ಲ, ತಾವೇ ಆರಿಸಿ ಕೊಟ್ಟರು.

ಮುಂದಿನ ತಿಂಗಳು ಸಂಬಳದ ಮಾರನೆಯ ದಿನ ನಾವಿಬ್ಬರೂ ಅಂಗಡಿಗೆ ಹೊರಟೆವು. ಬಿಸಿಲು ಆಗಲೇ ನಾಗಪುರದ ಬಿಸಿಲಾಗಿತ್ತು. ಗೇಟು ದಾಟುವ ಮೊದಲೇ ವಹಿನಿ ಕೆಳಗಿನ ಮೆಟ್ಟಿಲ ಮೇಲೆ ಕೂತರು, ನಾನೂ ಪಕ್ಕದಲ್ಲಿ ಕೂತೆ. ಈ ತಿಂಗಳು ಯಾವುದನ್ನು ಇಳಿಸುವುದು ಎಂದು ನಾನು ಚಹಾಪುಡಿಯವರೆಗೆ ಯೋಚಿಸಿಕೊಂಡು ಬಂದಿದ್ದೆ.

"ಈ ತಿಂಗಳು ಏನನ್ನೂ ಕಡಿಮೆ ಮಾಡುವುದು ಬೇಡ ವಹಿನಿ" ಅಂದರು ಅವರು. "ಇರುವಷ್ಟೇ ಇರಲಿ."

"ಕಶಾಲಾ?" ಎಂದೆ ನಾನು, ಕರಾರಿನಂತೆ.

"ದಣಿದಿದ್ದೇವೆ."

ಒಂದೇ ಉಸಿರಿನಲ್ಲಿ ಬಂತು. ಇಬ್ಬರೂ ಖಾಲಿ ಚೀಲಗಳನ್ನು ಕೊಡವಿಕೊಂಡು ಎದ್ದೆವು.