ಕ್ಯಾಪಿಟಲ್ ಎ, ಚಿಕ್ಕ ಡಿ, ಚಿಕ್ಕ ಎ

ಕೂತ ಕಡೆ ಮೇಷ್ಟ್ರ ಎಡ ಮಂಡಿ ನಿಲ್ಲುತ್ತಿರಲಿಲ್ಲ. ಮೇಜಿನ ಅಡಿ ಅದು ಅಲುಗಾಡುತ್ತಲೇ ಇರುತ್ತಿತ್ತು. ಮೇಲೆ ತಟ್ಟೆಯಲ್ಲಿ ಬಿದ್ದಿದ್ದ ಸೀಸದ ಅಚ್ಚುಮೊಳೆಗಳು ಸಣ್ಣಗೆ ಗಿಲಿಗಿಲಿ ಅನ್ನುತ್ತಿದ್ದವು. ಯಶವಂತಪುರದ ಒಂದು ಅಚ್ಚುಕೂಟದಲ್ಲಿ ಅವರು ಪ್ರೂಫ್ ರೀಡರು. ನಾನು ಅವರೆದುರು ಕೂತು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಿ ಹೇಳುವವಳು. ಇಂಗ್ಲಿಷ್ ಪುಸ್ತಕವಾದರೆ ಕಾಮಾ, ಫುಲ್‌ಸ್ಟಾಪು, ಎಲ್ಲಿ ಕ್ಯಾಪಿಟಲ್, ಎಲ್ಲಿ ಚಿಕ್ಕಕ್ಷರ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು. ಅವರು ಮೊಳೆ ಜೋಡಿಸಿ ತೆಗೆದ ಕರಡಚ್ಚಿನ ಮೇಲೆ ತಿದ್ದುತ್ತಾ ಹೋಗುವರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಆದರೂ ನಮಗೆಲ್ಲ ಅವರು ಮೇಷ್ಟ್ರು.

ಅನುಮಾನವೊಂದು ಹೊಕ್ಕರೆ ಅವರಿಗೆ ಮಧ್ಯಾಹ್ನದ ಬುತ್ತಿ ಸೇರುತ್ತಿರಲಿಲ್ಲ. ಡಬ್ಬಿ ಅರ್ಧಕ್ಕೆ ಮುಚ್ಚಿ ಸೈಕಲ್ ಹತ್ತಿ ಎಲ್ಲೆಲ್ಲೋ ಹೋಗಿ ಕೇಳಿ ಬರುತ್ತಿದ್ದರು. ನಾನು ಒಮ್ಮೆ ನಕ್ಕದ್ದಕ್ಕೆ, "ಎದ್ದು ಹೋಗಿ ನೋಡ್ಬೇಕು ಕಣಮ್ಮ. ಕೂತಲ್ಲೇ ಯಾವ್ದೂ ನಿಜ ಆಗಲ್ಲ" ಎಂದಿದ್ದರು.

ಎಂಬತ್ತರ ದಶಕದ ನಡುವೆ ಹೆಬ್ಬಾಳದ ಕಡೆಯ ಒಬ್ಬ ಲೆಕ್ಚರರು ಕಂಪ್ಯೂಟರ್ ಭಾಷೆಗಳ ಮೇಲೊಂದು ಪಠ್ಯಪುಸ್ತಕ ಬರೆದು ತಂದರು. ನಮ್ಮಲ್ಲಿ ಯಾರೂ ಕಂಪ್ಯೂಟರ್ ಕಂಡವರಲ್ಲ. ಹಸ್ತಪ್ರತಿಯಲ್ಲಿ ಫೋರ್ಟ್ರಾನ್ ಒಂದು ಪುಟದಲ್ಲಿ ಪೂರ್ತಿ ಕ್ಯಾಪಿಟಲ್, ಮುಂದಿನ ಪುಟದಲ್ಲಿ ಮೊದಲಕ್ಷರ ಮಾತ್ರ. ಕ್ಯಾಪಿಟಲ್ ಮೊಳೆಗಳು ನಾಲ್ಕೇ ಪುಟಕ್ಕೆ ಖಾಲಿಯಾಗುತ್ತವೆಂದು ಮೊಳೆ ಜೋಡಿಸುವವರು ಗೊಣಗಿದರು. ಸಿ ಎಂಬ ಒಂದಕ್ಷರದ ಭಾಷೆ ಬಂದಾಗ ಪದ ಅರ್ಧಕ್ಕೇ ನಿಂತಿದೆಯೆಂದು ಪಕ್ಕದಲ್ಲಿ ಜಾಗ ಖಾಲಿ ಬಿಟ್ಟಿದ್ದರು.

ಮೇಷ್ಟ್ರು ಹೆಬ್ಬಾಳಕ್ಕೆ ಸೈಕಲ್ ತುಳಿದರು. ಹೇಗೆ ಹಾಕಿದರೂ ನಡೆಯುತ್ತದೆ ಎಂದು ಲೆಕ್ಚರರು ನಕ್ಕು ಕಳಿಸಿದರಂತೆ. ಮಾರನೆಯ ದಿನ ಮತ್ತೆ ಹೋದರು. ಮೂರನೆಯ ಸಲ ಲೆಕ್ಚರರೇ ಸೋತು, ಟೀ ತರಿಸಿ, ಕೂರಿಸಿಕೊಂಡು ವಿವರಿಸಿದರು. ಫೋರ್ಟ್ರಾನ್, ಕೋಬಾಲ್ ಇವೆಲ್ಲ ಬೇರೆ ಬೇರೆ ಪದಗಳ ತುಣುಕು ಜೋಡಿಸಿ ಕಟ್ಟಿದವು, ಅದಕ್ಕೆ ಪೂರ್ತಿ ಕ್ಯಾಪಿಟಲ್. ಪ್ಯಾಸ್ಕಲ್ ಒಬ್ಬ ಮನುಷ್ಯನ ಹೆಸರು, ಅದಕ್ಕೆ ಮೊದಲಕ್ಷರ ಮಾತ್ರ. ಮೇಷ್ಟ್ರು ಬಂದವರೇ ಇದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರು.

ಕೊನೆಯ ಅಧ್ಯಾಯ ತಡವಾಗಿ ಬಂತು. ಅದು ಏಡಾ ಎಂಬ ಹೊಸ ಭಾಷೆಯದು, ಗೋಡೆಯ ಹಾಳೆಯಲ್ಲಿ ಇಲ್ಲದ್ದು. ಅಂದು ಸಂಜೆ ದಾಸರಹಳ್ಳಿಯ ನಮ್ಮ ಮನೆಗೆ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ನನ್ನ ಜೀವವೆಲ್ಲ ಬಸ್ ಸ್ಟಾಪಿನಲ್ಲಿತ್ತು. ಮೂರೇ ಅಕ್ಷರ, ಇದೂ ಕೋಬಾಲ್ ಥರವೇ ಇರಬೇಕೆಂದುಕೊಂಡು, ಬರೆದದ್ದನ್ನು ನೋಡದೆ ಎಲ್ಲ ಕಡೆಯೂ ಕ್ಯಾಪಿಟಲ್ ಎಂದು ಓದುತ್ತಾ ಹೋದೆ. ಅವರು ತಲೆಯೆತ್ತಿ, ಕರಡಿನಲ್ಲಿ ಹಾಗಿಲ್ಲವಲ್ಲ, ಲೆಕ್ಚರರು ಹಾಗೇ ಬರೆದಿದ್ದಾರಾ ಎಂದು ಕೇಳಿದರು. ಹೂಂ ಎಂದೆ. ಮೊಳೆ ಜೋಡಿಸಿದವರು ಸರಿಯಾಗಿಯೇ ಹಾಕಿದ್ದನ್ನು ಮೇಷ್ಟ್ರು ನನ್ನ ಮಾತು ನಂಬಿ ಒಂದೊಂದಾಗಿ ತಪ್ಪು ಮಾಡಿದರು.

ಎರಡು ದಿನದ ಮೇಲೆ ಮೆಷಿನ್ನಿನಿಂದ ಹಾಳೆಗಳು ಬೀಳುತ್ತಿದ್ದಾಗ ಒಂದನ್ನು ಎತ್ತಿಕೊಂಡು ಓದಿದರು. ಮತ್ತೆ ಓದಿದರು. ಹೆಬ್ಬಾಳಕ್ಕೆ ಸೈಕಲ್ ಹತ್ತಿದವರು ಒಂದೂವರೆ ಗಂಟೆಯ ನಂತರ ಬೆವರು ಒರೆಸಿಕೊಳ್ಳುತ್ತಾ ಬಂದು, ನೇರವಾಗಿ ಹೋಗಿ ಮೆಷಿನ್ ನಿಲ್ಲಿಸಿದರು. ಏಡಾ ಪದಗಳ ತುಣುಕಲ್ಲ, ಒಬ್ಬ ಹೆಂಗಸಿನ ಹೆಸರು.

ಸದ್ದು ನಿಂತದ್ದೇ ಮಾಲೀಕರು ಬಂದರು. ತಪ್ಪು ಯಾರದೆಂದು ಕೇಳಿದರು. ಹಸ್ತಪ್ರತಿ ನನ್ನ ಕೈಯಲ್ಲೇ ಇತ್ತು.

"ಸರಿ ಇದ್ದದ್ದನ್ನ ನಾನೇ ತಿದ್ದಿ ಕೆಡಿಸ್ದೆ" ಎಂದರು ಮೇಷ್ಟ್ರು.

ನಾನು ಹಸ್ತಪ್ರತಿಯನ್ನು ಮೇಜಿನ ಮೇಲೆ ಮಗುಚಿ ಇಟ್ಟೆ.

ಇದನ್ನು ಯಾರು ನೋಡುತ್ತಾರೆ, ಹಾಗೇ ಹೋಗಲಿ, ಸಹಿ ಹಾಕಿ ಎಂದರು ಮಾಲೀಕರು. ನಮ್ಮಲ್ಲಿ ಒಟ್ಟಿಗೆ ಅಚ್ಚಾದ ಪುಟಗಳ ಪ್ರತಿ ಫಾರಮ್ಮಿಗೂ, ಬೈಂಡಿಂಗಿಗೆ ಹೋಗುವ ಮೊದಲು, ಪ್ರೂಫ್ ರೀಡರ ಸಹಿ ಬೇಕಿತ್ತು. ಮೇಷ್ಟ್ರು ಪೆನ್ಸಿಲ್ ಎತ್ತಲಿಲ್ಲ. "ಆಕೆ ನಿಜವಾಗ್ಲೂ ಇದ್ದವಳು ಸ್ವಾಮಿ. ಅಂಗಡಿ ಬೋರ್ಡ್ ಥರ ಹಾಕಿದ್ರೆ ಮನುಷ್ಯಳೇ ಅಲ್ಲ ಅಂತಾಗತ್ತೆ."

ಸಹಿ ಹಾಕುವುದಿಲ್ಲವಾದರೆ ನಾಳೆಯಿಂದ ಬರುವುದು ಬೇಡ ಎಂದರು ಮಾಲೀಕರು. ಮೇಷ್ಟ್ರು ಬುತ್ತಿ ಡಬ್ಬಿ ತೆಗೆದುಕೊಂಡು ಹೊರಟೇಹೋದರು. ಮಾರನೆಯ ಬೆಳಿಗ್ಗೆ ನನ್ನನ್ನು ಅವರ ಕುರ್ಚಿಯಲ್ಲಿ ಕೂರಿಸಿದರು. ಆ ಫಾರಮ್ಮಿಗೆ ಸಹಿ ಹಾಕಿದವಳು ನಾನು.

ಗಂಡಿನ ಕಡೆಯವರು ಒಪ್ಪಿದರು, ಮದುವೆಯಾಯಿತು, ಮಗುವೂ ಆಯಿತು. ನನಗೆ ಮಾತ್ರ ಆ ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂರಲು ಆಗಲಿಲ್ಲ. ಎರಡು ವರ್ಷದ ನಂತರ ಒಂದು ಭಾನುವಾರ ವಿಳಾಸ ಕೇಳಿಕೊಂಡು ಬ್ಯಾಟರಾಯನಪುರದ ಅವರ ಮನೆಗೆ ಹೋದೆ. ಕಾಯಿಲೆಯಿಂದ ಬಹಳ ಇಳಿದುಹೋಗಿದ್ದರು. ಕೂರುವ ಮೊದಲೇ ಎಲ್ಲ ಹೇಳಿಬಿಟ್ಟೆ. ತಪ್ಪು ಓದಿದ್ದು, ಹೂಂ ಅಂದದ್ದು, ಸುಮ್ಮನಿದ್ದದ್ದು, ಸಹಿ ಹಾಕಿದ್ದು.

ಅವರು, "ನನಗೆ ಅನುಮಾನ ಬಂದಿತ್ತು. ಕೈ ಚಾಚಿದ್ರೆ ಹಸ್ತಪ್ರತಿ ಸಿಗ್ತಿತ್ತು, ಚಾಚಲಿಲ್ಲ. ಅದು ನನ್ನ ತಪ್ಪೇ" ಎಂದರು. ನನ್ನ ಎದೆ ಹಗುರವಾಗುವಷ್ಟರಲ್ಲಿ ಮುಂದಿನದನ್ನೂ ಹೇಳಿದರು, ಕೋಪವಿಲ್ಲದೆ, ಕರಡು ತಿದ್ದುವಾಗಿನ ಅದೇ ದನಿಯಲ್ಲಿ:

"ಸಹಿ ಮಾತ್ರ ನಿನ್ದು ಕಣಮ್ಮ."

ಮುಂದಿನ ಯುಗಾದಿಗೆ ಮೊದಲೇ ಅವರು ತೀರಿಕೊಂಡರು. ಸುದ್ದಿ ತಿಳಿದದ್ದು ವಾರದ ಮೇಲೆ.

ಆ ಅಚ್ಚುಕೂಟ ಬಿಟ್ಟ ಮೇಲೆ ಇನ್ನೂ ಎರಡು ಕಡೆ ಕೆಲಸ ಮಾಡಿದೆ. ಎರಡೂ ಕಡೆ, ತಪ್ಪಿದೆ ಎಂದು ಗೊತ್ತಿದ್ದ ಫಾರಮ್ಮಿಗೆ ಸಹಿ ಹಾಕಲಾರೆ ಎಂದು ಜಗಳವಾಗಿ ಹೊರಬಂದೆ. ಗಂಡ ಬೈದರು. ಎರಡು ಸಲವೂ ನಾನು ಕೈಕಾಲು ತೊಳೆದು, ತಟ್ಟೆ ಹಾಕಿಕೊಂಡು, ಹೊಟ್ಟೆ ತುಂಬ ಊಟ ಮಾಡಿದೆ.